ಕೂಗಿ ಕೇಳದೆ ಹೊಡೆದ ಗುಂಡು: 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ನೋಡಿದವರು ಬನ್ನಿ

ರಾತ್ರಿಪಾಳಿ

ಸಿನಿಮಾದ ಕೊನೆಯನ್ನೇ ಇಲ್ಲಿ ಮಾತಾಡುತ್ತೇನೆ. ನೋಡದೇ ಇರುವವರು ಮೊದಲು ನೋಡಿ ಬನ್ನಿ. ಒಂದೂವರೆ ಗಂಟೆ ಚಿಲ್ಲರೆ, ಅಷ್ಟೇ. ಇದಕ್ಕೆ ಹಕ್ಕುಸ್ವಾಮ್ಯ ಇಲ್ಲ, ಯೂಟ್ಯೂಬಿನಲ್ಲೇ ಪುಕ್ಕಟೆ ಸಿಗುತ್ತದೆ.

ಹೋದ ಭಾನುವಾರ ರಾತ್ರಿ ಮೂರನೇ ಸಲ ನೋಡಿದೆ. ಈ ಸಲ ಅಪ್ಪನೂ ಪಕ್ಕದಲ್ಲಿ ಕೂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಸತ್ತವರು ಎದ್ದು ಬಂದು ಬದುಕಿದ್ದವರನ್ನು ತಿನ್ನುತ್ತಿದ್ದಾರೆ, ಕೆಲವರು ಒಂದು ತೋಟದ ಮನೆಯೊಳಗೆ ಸಿಕ್ಕಿಕೊಂಡಿದ್ದಾರೆ ಅಂತ ನಾನು ನಡುನಡುವೆ ಹೇಳುತ್ತಾ ಹೋದೆ. ಹೆಣಗಳು ಕಿಟಕಿಯ ಸಂದಿಯಿಂದ ಕೈ ತೂರಿಸಿದಾಗ ಅಪ್ಪ ಅಲುಗಾಡಲಿಲ್ಲ. ಕೊನೆಗೆ ಬೆಳಗಾಗುತ್ತದೆ. ಇಡೀ ರಾತ್ರಿ ಹೋರಾಡಿದ ಬೆನ್ ಒಬ್ಬನೇ ಉಳಿದಿದ್ದಾನೆ. ನೆಲಮಾಳಿಗೆಯಿಂದ ಮೆಲ್ಲಗೆ ಮೇಲೆ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ಹೊರಗೆ ಶೆರಿಫ್ ಮತ್ತು ಅವನ ಬಂದೂಕಿನ ಜನ. ಅಪ್ಪ "ಸದ್ಯ, ಬದುಕಿದ" ಅಂದರು. ಆ ಮಾತು ಮುಗಿಯುವಷ್ಟರಲ್ಲಿ ಗುಂಡು ಬಿತ್ತು, ಬೆನ್ ಹಣೆಗೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಒಳಗೆ ಯಾರಾದ್ರೂ ಇದೀರಾ ಅಂತ ಒಂದು ಸಲ ಕೂಗೋಕೆ ಏನಾಗಿತ್ತು ಅವರಿಗೆ?"

ಇಷ್ಟು ವರ್ಷ ನನಗೆ ಹೊಳೆಯದೇ ಇದ್ದ ಪ್ರಶ್ನೆ ಇದು. ಮೊದಲ ಸಲ ನೋಡಿದಾಗ ಹೆಣಗಳನ್ನು ಕಂಡು ಹೆದರಿದ್ದೆ. ಎರಡನೇ ಸಲ ಆ ಮನೆಯಲ್ಲಿ ಬೆನ್ ಜೊತೆ ಜಗಳಕ್ಕೆ ನಿಲ್ಲುವ ಕೂಪರ್ ಮೇಲೆ ಸಿಟ್ಟು ಬಂದಿತ್ತು. ಈ ಸಲ ಆ ಬಂದೂಕಿನ ಜನರ ನಿಶ್ಚಿಂತೆ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಬೆನ್ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ಜನಾಂಗದವರು. ಹೊಡೆದವರು ಬಿಳಿಯರು. ಸಿನಿಮಾದಲ್ಲಿ ಆ ಬಗ್ಗೆ ಒಂದೇ ಒಂದು ಮಾತಿಲ್ಲ. ನಿಮಗೆಲ್ಲ ಏನನ್ನಿಸಿತು?

ಹಳೇರೀಲು

ಒಳ್ಳೆ ಪ್ರಶ್ನೆ ಕೇಳಿದ್ದಾರೆ ನಿಮ್ಮ ತಂದೆ.

ಇದನ್ನು ಮಾಡಿದವರು ಹಾಲಿವುಡ್‌ನವರಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ತೆಗೆದು ಹೊಟ್ಟೆ ಹೊರೆಯುತ್ತಿದ್ದ ಹುಡುಗರು. 1967ರಲ್ಲಿ ಚಿತ್ರೀಕರಣ ಶುರುವಾದಾಗ ನಿರ್ದೇಶಕ ಜಾರ್ಜ್ ರೊಮೆರೊಗೆ 27 ವರ್ಷ. ಗೆಳೆಯರು ಕೈಯಿಂದ ದುಡ್ಡು ಹಾಕಿ 'ಇಮೇಜ್ ಟೆನ್' ಅಂತ ಕಂಪನಿ ಮಾಡಿಕೊಂಡರು. ಒಟ್ಟು ಖರ್ಚು ಸುಮಾರು 1,14,000 ಡಾಲರ್. ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದರು. ಕಪ್ಪುಬಿಳುಪು ಆದ್ದರಿಂದ ನಡೆಯಿತು. ಹೆಣಗಳು ತಿನ್ನುವ ಮಾಂಸ ತಂದುಕೊಟ್ಟದ್ದು ದುಡ್ಡು ಹಾಕಿದವರಲ್ಲೇ ಒಬ್ಬ ಮಾಂಸದ ವ್ಯಾಪಾರಿ. ಕೂಪರ್ ಪಾತ್ರದ ಕಾರ್ಲ್ ಹಾರ್ಡ್‌ಮನ್ ನಿರ್ಮಾಪಕರಲ್ಲೊಬ್ಬರು. ಸಿನಿಮಾದಲ್ಲಿ ಅವರ ಮಗಳಾಗಿ ಬರುವ ಕೈರಾ ಶಾನ್ ನಿಜಕ್ಕೂ ಅವರ ಮಗಳೇ. ಕೆಡವಬೇಕಾಗಿದ್ದ ಒಂದು ತೋಟದ ಮನೆ ಸಿಕ್ಕಿತು. ಅದಕ್ಕೇ ಧೈರ್ಯವಾಗಿ ಗೋಡೆ ಕಿಟಕಿಗೆಲ್ಲ ಮೊಳೆ ಹೊಡೆದರು.

ಹಕ್ಕುಸ್ವಾಮ್ಯದ ಕಥೆ ಕೇಳಿದರೆ ಬೇಜಾರಾಗುತ್ತದೆ. ಮೊದಲಿಟ್ಟ ಹೆಸರು ಬೇರೆ. ವಿತರಕರು ಹೆಸರು ಬದಲಾಯಿಸುವಾಗ ಹೊಸ ಶೀರ್ಷಿಕೆಯ ಮೇಲೆ ಹಕ್ಕುಸ್ವಾಮ್ಯದ ಸಾಲು ಹಾಕಲು ಮರೆತರು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕು ಹೋದಂತೆ. ಮಾಡಿದವರ ಕೈಗೆ ಸಿಗಬೇಕಾದ್ದು ಸಿಗಲೇ ಇಲ್ಲ. ಆದರೆ ಅದೇ ಕಾರಣಕ್ಕೆ ಊರೂರಲ್ಲಿ, ಟಿವಿಯಲ್ಲಿ, ಕ್ಯಾಸೆಟ್ಟಿನಲ್ಲಿ ಎಲ್ಲ ಕಡೆ ಹಬ್ಬಿತು.

ಇನ್ನೊಂದು ವಿಷಯ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಒಂದು ದೊಡ್ಡ ವಿತರಣಾ ಸಂಸ್ಥೆ ಕೊನೆ ಬದಲಾಯಿಸಿ, ಬೆನ್ ಬದುಕಲಿ ಅಂದಿತ್ತು. ಇವರು ಒಪ್ಪಲಿಲ್ಲ.

ತುಂಗಾತೀರ

ಸಿನಿಮಾ ನನಗೂ ಇಷ್ಟ. ಆದರೆ ಒಂದು ಮಾತು. ಬೆನ್ ಪಾತ್ರಕ್ಕೆ ಕಪ್ಪು ಜನಾಂಗದ ನಟ ಬೇಕು ಅಂತ ಚಿತ್ರಕಥೆಯಲ್ಲಿ ಬರೆದೇ ಇರಲಿಲ್ಲ. ಬಂದವರಲ್ಲಿ ಜೋನ್ಸ್ ಚೆನ್ನಾಗಿ ಮಾಡಿದರು, ತೆಗೆದುಕೊಂಡೆವು ಅಂತ ರೊಮೆರೊ ಎಷ್ಟೋ ಸಲ ಹೇಳಿದ್ದಾರೆ. ಕೊನೆಯಲ್ಲಿ ಬೆನ್ ಸಾಯುವುದು ಅದಕ್ಕೂ ಮೊದಲೇ ತೀರ್ಮಾನವಾಗಿತ್ತು. ಮಾಡಿದವರೇ ಯೋಚಿಸದ ಅರ್ಥವನ್ನು ನಾವು ಐವತ್ತು ವರ್ಷ ಆದಮೇಲೆ ತುಂಬುವುದು ಸರಿಯಾ? ವಾದಕ್ಕೆ ಅಂತ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಸಂಕಲನ

ತುಂಗಾತೀರ ಅವರೇ, ಬರೆದದ್ದು ಒಂದು ಕಡೆ ಇರಲಿ. ತೆರೆಯ ಮೇಲೆ ಏನಿದೆ ನೋಡೋಣ. ನಾನು ಎಡಿಟಿಂಗ್ ಕೆಲಸ ಮಾಡುವವಳು, ಕಣ್ಣು ಅಲ್ಲಿಗೇ ಹೋಗುತ್ತದೆ.

ಗುಂಡು ಬಿದ್ದ ಮೇಲೆ ಸಿನಿಮಾ ಓಡುವುದನ್ನೇ ನಿಲ್ಲಿಸುತ್ತದೆ. ಚಲನೆ ಇಲ್ಲ. ಒಂದಾದ ಮೇಲೊಂದು ಸ್ಥಿರಚಿತ್ರ. ಅದೂ ದಿನಪತ್ರಿಕೆಯಲ್ಲಿ ಅಚ್ಚಾದ ಫೋಟೋ ಥರ, ಕಾಳುಕಾಳಾಗಿ. ಮಾಂಸದಂಗಡಿಯ ಕೊಕ್ಕೆ ಹಿಡಿದ ಗಂಡಸರು. ನೆಲದ ಮೇಲೆ ಬೆನ್ ದೇಹ. ಸುತ್ತ ನಿಂತು ನೋಡುವ ಮುಖಗಳು. ಆ ಮುಖಗಳಲ್ಲಿ ಸಿಟ್ಟಿಲ್ಲ, ದುಃಖವಿಲ್ಲ. ದಿನದ ಕೆಲಸ ಮಾಡುತ್ತಿರುವ ಮುಖಗಳು. ಹಿಂದೆ ಗಂಡಸರ ಮಾತು, ರೇಡಿಯೊದ ಗೊರಗೊರ. ಆಮೇಲೆ ಸೌದೆ ರಾಶಿ. ಇಡೀ ಸಿನಿಮಾದಲ್ಲಿ ನಾವು ಜೊತೆಗಿದ್ದ ಮನುಷ್ಯನನ್ನು, ಮೊದಲ ದೃಶ್ಯದಲ್ಲಿ ಸ್ಮಶಾನದಲ್ಲಿ ಬಂದ ಹೆಣದ ಪಕ್ಕದಲ್ಲೇ ಹಾಕುತ್ತಾರೆ. ಬೆಂಕಿ ಹಚ್ಚುತ್ತಾರೆ.

ಒಬ್ಬ ಮನುಷ್ಯನನ್ನು ಸಾಮಾನು ಮಾಡುವುದು ಹೇಗೆ ಅಂತ ಅಷ್ಟು ಫ್ರೇಮುಗಳಲ್ಲಿ ತೋರಿಸಿದ್ದಾರೆ. ಕ್ಯಾಮೆರಾ ಓಡುತ್ತಿದ್ದರೆ ಬೆನ್ ಇನ್ನೂ ನಮ್ಮವನಾಗಿರುತ್ತಿದ್ದ. ನಿಂತ ಚಿತ್ರದಲ್ಲಿ ಅವನು ಯಾರೋ ಆಗಿಬಿಡುತ್ತಾನೆ. ಸಂಕಲನ ಮಾಡಿದ್ದು ರೊಮೆರೊ ಅವರೇ. ಇದು ಅಕಸ್ಮಾತ್ ಆಗಿ ಬರುವುದಿಲ್ಲ.

ಇತಿಹಾಸಮೇಷ್ಟ್ರು

ಸಂಕಲನ ಹೇಳಿದ ಆ ಚಿತ್ರಗಳ ಬಗ್ಗೆಯೇ ಒಂದೆರಡು ಮಾತು ಸೇರಿಸುತ್ತೇನೆ.

ಅಮೆರಿಕದಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುತ್ತಿದ್ದ ಕಾಲವೊಂದಿತ್ತು. ಕೊಂದ ಮೇಲೆ ದೇಹದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಫೋಟೋಗಳನ್ನು ಅಂಚೆ ಕಾರ್ಡ್ ಮಾಡಿ ಮಾರುತ್ತಿದ್ದರು. ಅವನ್ನು ಒಮ್ಮೆ ನೋಡಿದವರಿಗೆ ಈ ಸಿನಿಮಾದ ಕೊನೆ ಬೇರೆಯೇ ಆಗಿ ಕಾಣುತ್ತದೆ. ಶೆರಿಫ್‌ನ ಜನರ ಜೊತೆ ನಾಯಿಗಳಿವೆ, ಗಮನಿಸಿದಿರಾ? 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಮಾನ ಹಕ್ಕು ಕೇಳಿ ಮೆರವಣಿಗೆ ಹೋದವರ ಮೇಲೆ ಪೊಲೀಸರು ನಾಯಿ ಬಿಟ್ಟ ಚಿತ್ರಗಳು ಲೋಕಕ್ಕೆಲ್ಲ ಗೊತ್ತಿದ್ದವು. 1967ರ ಬೇಸಿಗೆಯಲ್ಲಿ ನ್ಯೂವಾರ್ಕ್, ಡೆಟ್ರಾಯಿಟ್ ಹೊತ್ತಿ ಉರಿದವು. ಇವರು ಚಿತ್ರೀಕರಣ ಮಾಡಿದ್ದು ಅದೇ ವರ್ಷ.

1968ರ ಏಪ್ರಿಲ್ 4. ಮುಗಿದ ಸಿನಿಮಾದ ಪ್ರಿಂಟನ್ನು ಕಾರಿನಲ್ಲಿಟ್ಟುಕೊಂಡು ವಿತರಕರನ್ನು ಹುಡುಕಲು ನ್ಯೂಯಾರ್ಕ್‌ಗೆ ಹೊರಟಿದ್ದಾರೆ. ದಾರಿಯಲ್ಲಿ ಕಾರಿನ ರೇಡಿಯೊ ಹೇಳುತ್ತದೆ: ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಡಿಕ್ಕಿಯಲ್ಲಿದ್ದ ಸಿನಿಮಾ ಆ ಗಳಿಗೆಯಲ್ಲಿ ಬೇರೆ ಸಿನಿಮಾ ಆಯಿತು. ಅಕ್ಟೋಬರ್ 1ಕ್ಕೆ ಪಿಟ್ಸ್‌ಬರ್ಗ್‌ನ ಫುಲ್ಟನ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಅಷ್ಟರೊಳಗೆ ಆ ಗುಂಡಿನ ಸದ್ದು ಏನು ಅಂತ ಪ್ರೇಕ್ಷಕರಿಗೆ ಗೊತ್ತಾಗಿತ್ತು.

ತುಂಗಾತೀರ

ಮೇಷ್ಟ್ರೇ, ಕಾಲ ಅರ್ಥ ಕೊಟ್ಟಿತು ಅನ್ನುವುದನ್ನು ಒಪ್ಪುತ್ತೇನೆ. ನನ್ನ ಪ್ರಶ್ನೆ ಮಾಡಿದವರ ಬಗ್ಗೆ.

ಹಳೇರೀಲು

ಮಾಡಿದವರು ಅಂದರೆ ಯಾರು? ರೊಮೆರೊ ಒಬ್ಬರೇನಾ? ಇಲ್ಲಿ ಡ್ವೇನ್ ಜೋನ್ಸ್ ಅವರನ್ನು ನಾವೆಲ್ಲ ಮರೆಯುತ್ತಿದ್ದೇವೆ.

ಚಿತ್ರಕಥೆಯಲ್ಲಿ ಬೆನ್ ಒಬ್ಬ ಒರಟು ಲಾರಿ ಚಾಲಕ. ಮಾತೂ ಹಾಗೇ ಇತ್ತು. ಜೋನ್ಸ್ ಅದನ್ನು ಒಪ್ಪಲಿಲ್ಲ. ತಮ್ಮ ಮಾತುಗಳನ್ನು ತಾವೇ ತಿದ್ದಿದರು. ಈಗ ನಾವು ನೋಡುವ ಬೆನ್ ನಿಧಾನವಾಗಿ, ತೂಕ ಮಾಡಿ ಮಾತಾಡುತ್ತಾನೆ. ಹಲಗೆ ಎಲ್ಲಿದೆ, ಮೊಳೆ ಎಲ್ಲಿದೆ ಅಂತ ಹುಡುಕುತ್ತಾನೆ. ಊಟದ ಮೇಜಿನ ಕಾಲು ಕಿತ್ತು ಬಾಗಿಲಿಗೆ ಬಡಿಯುತ್ತಾನೆ. ಅದು ಜೋನ್ಸ್ ಕಟ್ಟಿದ ಮನುಷ್ಯ.

ಮನೆಯೊಳಗಿದ್ದ ಬಿಳಿ ಹುಡುಗಿ ಬಾರ್ಬ್ರಾಳನ್ನು ಅವರು ಹೊಡೆಯುವ ದೃಶ್ಯ ಇದೆಯಲ್ಲ. ಕಪ್ಪು ಗಂಡಸು ಬಿಳಿ ಹೆಂಗಸನ್ನು ಹೊಡೆಯುವುದನ್ನು 1967ರ ಅಮೆರಿಕದಲ್ಲಿ ತೆರೆಯ ಮೇಲೆ ತೋರಿಸಿದರೆ ಏನಾಗಬಹುದು ಅಂತ ಆ ತಂಡದಲ್ಲಿ ಚೆನ್ನಾಗಿ ಗೊತ್ತಿದ್ದದ್ದು ಜೋನ್ಸ್ ಒಬ್ಬರಿಗೇ. ನಮಗೆ ಅಷ್ಟು ತಿಳಿವಳಿಕೆ ಇರಲಿಲ್ಲ ಅಂತ ರೊಮೆರೊ ಮುಂದೆ ಒಪ್ಪಿಕೊಂಡರು. ಕೊನೆಯ ವಿಷಯದಲ್ಲೂ ಹಾಗೇ. ಬೆನ್ ಪಾರಾಗಿಬಿಟ್ಟರೆ ಕಪ್ಪು ಪ್ರೇಕ್ಷಕರಿಗೆ ಅದು ಸುಳ್ಳು ಅನ್ನಿಸುತ್ತದೆ ಅನ್ನುವುದು ಜೋನ್ಸ್ ಅಭಿಪ್ರಾಯವಾಗಿತ್ತು.

ನಿರ್ದೇಶಕರು ಯೋಚಿಸಿರಲಿಕ್ಕಿಲ್ಲ. ಆ ಪಾತ್ರದೊಳಗೆ ನಿಂತವರು ಯೋಚಿಸಿದ್ದರು. ನನಗೆ ಅಷ್ಟು ಸಾಕು.

ತುಂಗಾತೀರ

ಇದು ನನಗೆ ಗೊತ್ತಿರಲಿಲ್ಲ. ಸರಿ, ಈ ಮಾತಿಗೆ ನಾನು ಬಾಗುತ್ತೇನೆ.

ಕೆಂಪುಚಿಕ್ಕಿ

ನಾನು ಹೋದ ವಾರವಷ್ಟೇ ನೋಡಿದ್ದು. ಯಾರೂ ಹೇಳದ್ದನ್ನು ಕೇಳಿಬಿಡುತ್ತೇನೆ. ನೆಲಮಾಳಿಗೆಗೆ ಹೋಗೋಣ ಅಂತ ಕೂಪರ್ ಮೊದಲಿನಿಂದ ಬಡಕೊಂಡ. ಅದು ಬೋನು, ಅಲ್ಲಿ ಸಿಕ್ಕಿಹಾಕಿಕೊಂಡರೆ ಮುಗೀತು ಅಂತ ಬೆನ್ ಬೇಡ ಅಂದ. ಕೊನೆಗೆ ಬೆನ್ ಜೀವ ಉಳಿದದ್ದು ಅದೇ ನೆಲಮಾಳಿಗೆಯಲ್ಲಿ! ಹಾಗಾದರೆ ಕೂಪರ್ ಹೇಳಿದ್ದೇ ಸರಿ ಅಲ್ವಾ?

ರಾತ್ರಿಪಾಳಿ

ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ.

ಹೌದು, ಜಾಗದ ವಿಷಯದಲ್ಲಿ ಕೂಪರ್ ಸರಿ. ಆದರೆ ಅವನು ಅದನ್ನು ಹೇಗೆ ಹೇಳಿದ ನೋಡಿ. ಮೇಲೆ ಬಾರ್ಬ್ರಾ ಕಿರುಚುವುದು ಕೆಳಗೆ ಕೇಳಿಸುತ್ತಿತ್ತು. ಅವನು ಬಾಗಿಲು ತೆಗೆದು ಬರಲಿಲ್ಲ. ಬಂದಮೇಲೂ ಅವನ ಮಾತೆಲ್ಲ ನಾನು, ನನ್ನ ಹೆಂಡತಿ, ನನ್ನ ಮಗಳು. ಬೆನ್ ಕೂಡ ಕಮ್ಮಿಯಿಲ್ಲ. ಕೆಳಗೆ ನೀನು ಯಜಮಾನ, ಮೇಲೆ ನಾನು ಅಂದುಬಿಡುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ನಡೆಯುವುದು ಜಾಗದ ಜಗಳವಲ್ಲ, ಯಜಮಾನಿಕೆಯ ಜಗಳ.

ಮೇಲಿನ ಬಾಗಿಲು ಕಿಟಕಿ ಭದ್ರ ಮಾಡಿ, ಅದು ಮುರಿದರೆ ಎಲ್ಲರೂ ಕೆಳಗೆ ಓಡೋಣ ಅಂತ ಒಂದು ಸಲ ಕೂತು ಮಾತಾಡಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಅದನ್ನು ಹೇಳಲು ನೋಡಿದವನು ಟಾಮ್ ಎಂಬ ಆ ಎಳೆ ಹುಡುಗ. ಅವನ ಮಾತು ಕೇಳಿಸಿಕೊಳ್ಳುವವರು ಯಾರು? ಹೊರಗಿನ ಹೆಣಗಳು ನಿಧಾನ. ಬೆಂಕಿ ಕಂಡರೆ ಹಿಂದೆ ಸರಿಯುತ್ತವೆ. ಒಂದೊಂದನ್ನೇ ಎದುರಿಸಿದರೆ ಕಷ್ಟವೇನಲ್ಲ. ಆದರೆ ಅವು ಒಂದರ ಜೊತೆ ಒಂದು ಜಗಳವಾಡುವುದಿಲ್ಲ. ಒಳಗಿನವರು ಅದನ್ನೇ ರಾತ್ರಿಯಿಡೀ ಮಾಡುತ್ತಾರೆ.

ಮೊಗ್ಗು

ಒಳಗೆ ಹೆಂಗಸರೂ ಇದ್ದರು, ಅವರನ್ನು ಬಿಟ್ಟೇ ಮಾತಾಡುತ್ತಿದ್ದೀರಿ.

ಬಾರ್ಬ್ರಾ ಪಾತ್ರದ ಬಗ್ಗೆ ನನಗೆ ಬೇಸರವಿದೆ. ಶುರುವಿನಲ್ಲಿ ಅವಳೇ ನಾಯಕಿ ಅನ್ನಿಸುತ್ತದೆ. ಅಣ್ಣ ಕಣ್ಣೆದುರೇ ಸಾಯುತ್ತಾನೆ, ಚಪ್ಪಲಿ ಕಳಚಿ ಓಡುತ್ತಾಳೆ, ಒಬ್ಬಳೇ ಆ ಮನೆ ತಲುಪುತ್ತಾಳೆ. ಆಮೇಲೆ ಸೋಫಾದ ಮೇಲೆ ಕೂರಿಸಿ ಮರೆತುಬಿಡುತ್ತಾರೆ. ಆಘಾತವಾದವರು ಹಾಗೆ ಮಂಕಾಗುವುದು ನಿಜ, ಜೂಡಿತ್ ಓಡೀ ಚೆನ್ನಾಗಿ ಮಾಡಿದ್ದಾರೆ. ಆದರೂ ಕಥೆ ಬರೆದವರಿಗೆ ಅವಳು ಬೇಡವಾದಳು. 1990ರ ಮರುನಿರ್ಮಾಣದಲ್ಲಿ ಇದನ್ನು ತಿದ್ದಿದರು, ಅಲ್ಲಿ ಅವಳು ಎದ್ದು ನಿಲ್ಲುತ್ತಾಳೆ.

ನನಗೆ ಈ ಮನೆಯಲ್ಲಿ ಕಂಡ ಬುದ್ಧಿವಂತೆ ಹೆಲೆನ್, ಕೂಪರ್ ಹೆಂಡತಿ. ಗಂಡನಿಗೆ ಹೇಳುತ್ತಾಳೆ, ಜೊತೆಗೆ ಬದುಕುವುದು ನಮಗೆ ಹಿತವಿಲ್ಲದಿರಬಹುದು, ಜೊತೆಗೆ ಸತ್ತರೂ ಏನೂ ಬಗೆಹರಿಯುವುದಿಲ್ಲ ಅಂತ. ಮೇಲೆ ರೇಡಿಯೊ ಇದೆ ಅಂತ ಗೊತ್ತಾದಾಗ ಗಂಡನನ್ನು ಬೈಯುವವಳೂ ಅವಳೇ. ಹೊರಗೆ ಲೋಕ ಮುಳುಗುತ್ತಿದ್ದರೂ ಆ ಸಂಸಾರದೊಳಗಿನ ಹಳೇ ಸಿಟ್ಟು ಹಾಗೇ ಇದೆ. ಅವಳನ್ನು ಕೊಲ್ಲುವುದು ಹೊರಗಿನ ಹೆಣವಲ್ಲ. ರಾತ್ರಿಯಿಡೀ ಆರೈಕೆ ಮಾಡಿದ ಸ್ವಂತ ಮಗಳು, ಹೆಣವಾಗಿ ಎದ್ದು, ಗಾರೆ ಕೆಲಸದ ಕರಣೆಯಿಂದ. ಬಾರ್ಬ್ರಾಳನ್ನು ಎಳೆದುಕೊಂಡು ಹೋಗುವುದು ಸ್ವಂತ ಅಣ್ಣ. ರಕ್ತಸಂಬಂಧ ಕಾಪಾಡುತ್ತದೆ ಅನ್ನುವ ನಂಬಿಕೆಯನ್ನೂ ಈ ಸಿನಿಮಾ ಬಿಡಲಿಲ್ಲ.

ಕೆಂಪುಚಿಕ್ಕಿ

ಆ ಮಗಳ ದೃಶ್ಯ ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಐದು ನಿಮಿಷ ಬಿಟ್ಟು ಮತ್ತೆ ತೆಗೆದೆ.

ಹಳೇರೀಲು

ಆಗ ಇದನ್ನು ಮಕ್ಕಳೂ ನೋಡಿದರು. ಅಮೆರಿಕದಲ್ಲಿ ಸಿನಿಮಾಗಳಿಗೆ ವಯಸ್ಸಿನ ಶ್ರೇಣಿ ಕೊಡುವ ಪದ್ಧತಿ ಶುರುವಾದದ್ದು 1968ರ ನವೆಂಬರ್‌ನಲ್ಲಿ. ಇದು ಬಿಡುಗಡೆಯಾದದ್ದು ಒಂದು ತಿಂಗಳು ಮೊದಲು. ಹಾಗಾಗಿ ತಡೆಯುವವರೇ ಇರಲಿಲ್ಲ. ವಿಮರ್ಶಕ ರೋಜರ್ ಎಬರ್ಟ್ ಮಧ್ಯಾಹ್ನದ ಆಟದಲ್ಲಿ ಮಕ್ಕಳ ನಡುವೆ ಕೂತು ನೋಡಿದರು. ಮೊದಮೊದಲು ಖುಷಿಯಿಂದ ಕಿರುಚುತ್ತಿದ್ದ ಮಕ್ಕಳು ಕೊನೆಕೊನೆಗೆ ತೆಪ್ಪಗಾದರು, ಒಬ್ಬ ಪುಟ್ಟ ಹುಡುಗಿ ಅಳುತ್ತಿದ್ದಳು ಅಂತ ಬರೆದಿದ್ದಾರೆ.

ಸಂಕಲನ

ಟಿವಿ ರೇಡಿಯೊ ವಿಷಯ ಬಂತಲ್ಲ, ಅದನ್ನು ಬಿಡಬೇಡಿ. ಮೊದಲು ಮನೆಯೊಳಗೇ ಇರಿ, ಬಾಗಿಲು ಹಾಕಿಕೊಳ್ಳಿ ಅಂತ ಪ್ರಕಟಣೆ. ಸ್ವಲ್ಪ ಹೊತ್ತಿಗೆ ರಕ್ಷಣಾ ಕೇಂದ್ರಗಳಿಗೆ ಹೋಗಿ ಅಂತ ಇನ್ನೊಂದು. ವಾಷಿಂಗ್ಟನ್‌ನಲ್ಲಿ ಸೇನೆಯವರು, ವಿಜ್ಞಾನಿಗಳು ಕ್ಯಾಮೆರಾ ಮುಂದೆಯೇ ಒಬ್ಬರ ಮಾತು ಒಬ್ಬರು ಕತ್ತರಿಸುತ್ತಾ ಕಾರಿನ ಕಡೆಗೆ ಓಡುತ್ತಾರೆ. ಶುಕ್ರ ಗ್ರಹದಿಂದ ಬಂದ ಉಪಗ್ರಹದ ವಿಕಿರಣ ಕಾರಣ ಇರಬಹುದು ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಆ ಪ್ರಕಟಣೆ ನಂಬಿ ತಾನೆ ಟಾಮ್, ಅವನ ಗೆಳತಿ ಜೂಡಿ ಲಾರಿಗೆ ಪೆಟ್ರೋಲ್ ಹಾಕಲು ಹೊರಗೆ ಹೋಗಿ ಸುಟ್ಟುಹೋದದ್ದು.

2020ರ ಲಾಕ್‌ಡೌನಿನಲ್ಲಿ ನಾನು ಮೊದಲ ಸಲ ಇದನ್ನು ನೋಡಿದೆ. ನಮ್ಮ ಮನೆಯಲ್ಲೂ ಟಿವಿ ಇಡೀ ದಿನ ಓಡುತ್ತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು. ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಆಮೇಲೆ ಹೊಡೆದುಹಾಕುತ್ತಿದ್ದರು. ಟಿವಿ ಸುತ್ತ ಸೇರಿದ ಆ ಜನರನ್ನು ನೋಡಿದಾಗ ನನಗೆ ಹೆಣಗಳಿಗಿಂತ ಆ ದೃಶ್ಯವೇ ಜಾಸ್ತಿ ತಟ್ಟಿತು.

ಇತಿಹಾಸಮೇಷ್ಟ್ರು

ಇನ್ನೊಂದು ವಿಷಯ. ಈ ಸಿನಿಮಾದಲ್ಲಿ 'ಜಾಂಬಿ' ಅನ್ನುವ ಪದ ಒಂದು ಸಲವೂ ಬರುವುದಿಲ್ಲ. ಹೆಣ ತಿನ್ನುವ ಪಿಶಾಚಿ ಅನ್ನುವ ಅರ್ಥದ 'ಗೂಲ್' ಅನ್ನುತ್ತಾರೆ, ಇಲ್ಲವೇ ಬರೀ 'ಅವು' ಅನ್ನುತ್ತಾರೆ. ಜಾಂಬಿ ಪದ ಬಂದದ್ದು ಹೈಟಿಯಿಂದ. ಅಲ್ಲಿ ಫ್ರೆಂಚರು ಆಫ್ರಿಕಾದಿಂದ ತಂದ ಗುಲಾಮರನ್ನು ಕಬ್ಬಿನ ತೋಟಗಳಲ್ಲಿ ಸಾಯುವವರೆಗೆ ದುಡಿಸಿದರು. ಹೈಟಿಯ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಅದು ಸತ್ತಮೇಲೂ ಯಜಮಾನನಿಗೆ ದುಡಿಯುವ ದೇಹ. ಸಾವು ಕೂಡ ಬಿಡುಗಡೆ ಕೊಡದಿದ್ದರೆ ಅನ್ನುವ ಗುಲಾಮನ ಭಯ ಅದು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಹೈಟಿಯಲ್ಲಿ ಕೂತಿತ್ತು. ಆ ಕಾಲದಲ್ಲೇ ಪದ ಅಮೆರಿಕದಲ್ಲಿ ಹಬ್ಬಿತು, 1932ರ ಹೊತ್ತಿಗೆ ಹಾಲಿವುಡ್ ಸಿನಿಮಾ ಆಯಿತು.

ನಮ್ಮಲ್ಲಿ ಇದನ್ನು ದೆವ್ವದ ಸಿನಿಮಾ ಅಂದುಬಿಡುತ್ತಾರೆ. ನಮ್ಮ ದೆವ್ವಕ್ಕೆ ಒಂದು ಆಸೆ ಇರುತ್ತದೆ, ತೀರದ ಲೆಕ್ಕ ಇರುತ್ತದೆ, ಹೆಸರು ಇರುತ್ತದೆ. ಜಾಂಬಿಗೆ ಅದ್ಯಾವುದೂ ಇಲ್ಲ. ಹೆಸರು ಕಿತ್ತುಕೊಂಡ ದೇಹ ಅದು. ಬೆನ್‌ಗೆ ಕೊನೆಯಲ್ಲಿ ಆಗುವುದೂ ಅದೇ.

ಪೆನ್‌ಹಿಲ್ಸ್‌ಕನ್ನಡಿಗ

ನಾನು ಪಿಟ್ಸ್‌ಬರ್ಗ್‌ನಲ್ಲೇ ಇರುವುದು. ಆ ಸ್ಮಶಾನ ಇರುವ ಇವಾನ್ಸ್ ಸಿಟಿ ಇಲ್ಲಿಂದ ಉತ್ತರಕ್ಕೆ, ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ. ಸಿನಿಮಾದಲ್ಲಿ ಕಾಣುವ ಪುಟ್ಟ ಚಾಪೆಲ್ ಈಗಲೂ ಇದೆ. ಹಾಳುಬಿದ್ದು ಕೆಡವುವ ಹಂತಕ್ಕೆ ಬಂದಿತ್ತು, ಅಭಿಮಾನಿಗಳು ದುಡ್ಡು ಕೂಡಿಸಿ ಉಳಿಸಿಕೊಂಡರು. ನಾನು ಹೋದದ್ದು ಅಕ್ಟೋಬರಿನಲ್ಲಿ. ಏರು ದಾರಿ, ಒಣ ಎಲೆ, ಯಾರೂ ಇಲ್ಲ. ಹೆದರಿಕೆ ಆಗುವ ಜಾಗವೇ ಅಲ್ಲ. ಒಬ್ಬ ಅಜ್ಜ ಸಮಾಧಿಗೆ ಹೂವಿಟ್ಟು ನನಗೆ ಕೈಬೀಸಿ ಹೋದರು. ದೂರದಿಂದ ಕೈಬೀಸುವುದು ಎಷ್ಟು ದೊಡ್ಡ ಮಾತು ಅಂತ ಈ ಚರ್ಚೆ ಓದಿದ ಮೇಲೆ ಅನ್ನಿಸುತ್ತಿದೆ.

ಇನ್ನೊಂದು. ರೊಮೆರೊ 1978ರಲ್ಲಿ ಮಾಡಿದ ಎರಡನೇ ಜಾಂಬಿ ಸಿನಿಮಾ 'ಡಾನ್ ಆಫ್ ದಿ ಡೆಡ್' ಇಲ್ಲಿನ ಮನ್ರೋವಿಲ್ ಮಾಲ್‌ನಲ್ಲಿ ಚಿತ್ರೀಕರಣವಾದದ್ದು. ಅಂಗಡಿ ಮುಚ್ಚಿದ ಮೇಲೆ ರಾತ್ರಿಯಿಂದ ಬೆಳಗಿನ ಜಾವದವರೆಗೆ ಕೆಲಸ. ಕ್ರಿಸ್‌ಮಸ್ ಅಲಂಕಾರ ಹಾಕಿದಾಗ ನಿಲ್ಲಿಸಿ, ತೆಗೆದ ಮೇಲೆ ಮುಂದುವರಿಸಿದರು. ಇಲ್ಲಿನ ಕನ್ನಡದವರಿಗೆಲ್ಲ ಆ ಮಾಲ್ ಗೊತ್ತು. ಪೆನ್‌ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಿಂದ ಅದು ಹತ್ತಿರ. ಅದರಲ್ಲಿ ಹೆಣಗಳು ಮಾಲ್‌ಗೆ ಯಾಕೆ ಬರುತ್ತವೆ ಅಂತ ಒಬ್ಬಳು ಕೇಳುತ್ತಾಳೆ. ಬದುಕಿದ್ದಾಗ ಇದು ಅವರಿಗೆ ಮುಖ್ಯವಾದ ಜಾಗವಾಗಿತ್ತು, ಅದರ ನೆನಪು ಅನ್ನುವುದು ಉತ್ತರ. ಸಮಾಜದ ಬಗ್ಗೆ ಮಾತು ಬಂದರೆ ಎಲ್ಲರೂ ಆ ಸಿನಿಮಾವನ್ನೇ ಹೇಳುತ್ತಾರೆ. ಅದು ಬಾಯಿಬಿಟ್ಟು ಹೇಳುತ್ತದೆ, ಸುಲಭವಾಗಿ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಮೊದಲನೆಯದೇ ದೊಡ್ಡದು. ಅದು ಹೇಳುವುದಿಲ್ಲ. ಗುಂಡು ಹೊಡೆದು ಸುಮ್ಮನಾಗುತ್ತದೆ.

ಮೊಗ್ಗು

ರಾತ್ರಿಪಾಳಿ ಅವರೇ, ನಿಮ್ಮ ಅಪ್ಪನ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. ಬೆನ್ ಯಾಕೆ ಕೂಗಲಿಲ್ಲ? ನಾನಿದ್ದೇನೆ ಅಂತ ಒಂದು ಮಾತು ಅವನೂ ಅನ್ನಲಿಲ್ಲ.

ರಾತ್ರಿಪಾಳಿ

ಮೊಗ್ಗು ಅವರ ಪ್ರಶ್ನೆ ಓದಿ ನಿನ್ನೆ ಕೊನೆಯ ಭಾಗ ಮತ್ತೆ ಹಾಕಿದೆ. ಬೆನ್ ಮೆಟ್ಟಿಲು ಹತ್ತಿ ಬರುವುದನ್ನು ನೋಡಿ. ಒಂದೊಂದೇ ಹೆಜ್ಜೆ, ಕೈಯಲ್ಲಿ ಬಂದೂಕು. ಸಹಾಯ ಬಂತು ಅನ್ನುವ ಖುಷಿ ಮುಖದಲ್ಲಿಲ್ಲ. ಹೊರಗಿನ ಸದ್ದು ಯಾರದ್ದು ಅಂತ ಅಳೆಯುತ್ತಿದ್ದಾನೆ. ಬಂದೂಕು ಹಿಡಿದ ಬಿಳಿ ಗಂಡಸರ ಗುಂಪು ಅಂದರೆ ಏನು ಅಂತ ಅವನಿಗೆ ಗೊತ್ತು, ಅದಕ್ಕೇ ಕೂಗಲಿಲ್ಲ ಅಂತ ನನಗೆ ಅನ್ನಿಸಿತು. ಇದು ನನ್ನ ಓದು, ತುಂಗಾತೀರ ಅವರು ಒಪ್ಪಬೇಕಾಗಿಲ್ಲ.

ಅಪ್ಪ ಹಿಂದೆ ಬಂದು ನಿಂತಿದ್ದರು. ಬೆನ್ ಆದ ಆ ಹುಡುಗ ಆಮೇಲೆ ಬೇರೆ ಸಿನಿಮಾ ಮಾಡಿದನಾ ಅಂತ ಕೇಳಿದರು. ಕೆಲವೇ ಕೆಲವು, ಜಾಸ್ತಿ ವರ್ಷ ಕಾಲೇಜಿನಲ್ಲಿ ಪಾಠ ಮಾಡಿದರು, ರಂಗಭೂಮಿಯಲ್ಲಿದ್ದರು, 1988ರಲ್ಲಿ ತೀರಿಕೊಂಡರು ಅಂದೆ. ಆಗ 51 ವರ್ಷ.

"ಮೇಷ್ಟ್ರಾ?" ಅಂದರು ಅಪ್ಪ. ಅವರೂ ಮೂವತ್ತು ವರ್ಷ ಪಾಠ ಮಾಡಿದವರು. ಕುರ್ಚಿ ಎಳೆದುಕೊಂಡು ಕೂತರು. "ಅವನು ಮೊದಲು ಬರ್ತಾನಲ್ಲ, ಲಾರಿ ದೀಪ ಆ ಹುಡುಗಿ ಮುಖಕ್ಕೆ ಬೀಳುತ್ತಲ್ಲ, ಅಲ್ಲಿಂದ ಹಾಕು" ಅಂದರು.